ಕಣ್ಣು ಮತ್ತು ಅಂಕಿ

ಆಟಗಾರನ ವೃತ್ತಿಜೀವನ ಅಲ್ಪಾವಧಿಯದು. ವೈದ್ಯನೋ ಅಧ್ಯಾಪಕನೋ ಶಿಲ್ಪಿಯೋ ತನ್ನ ವಿದ್ಯೆಯಲ್ಲಿ ಪರಿಣತನಾಗುವ ವಯಸ್ಸಿಗೆ ಕಾಲ್ಚೆಂಡಾಟದ ಆಟಗಾರನು ಮೈದಾನವನ್ನು ಬಿಟ್ಟು ಹೊರಡಬೇಕಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಹೆಸರು ಮಾಡಿದವನು ಮೂವತ್ತನ್ನು ಸಮೀಪಿಸಿದನೆಂದರೆ ಸಾಕು, ನೋಡುವವರ ದೃಷ್ಟಿ ಬದಲಾಗುತ್ತದೆ. ಹಿಂದೆ ಅವನು ಚೆಂಡನ್ನು ಕಳೆದುಕೊಂಡಾಗ, ಆಟದಲ್ಲಿ ಇದೆಲ್ಲ ಸಹಜವೆಂದು ಸುಮ್ಮನಿದ್ದ ಜನರೇ ಈಗ, ‘ವಯಸ್ಸಾಯಿತು’ ಎಂದು ತಲೆಯಾಡಿಸುತ್ತಾರೆ. ತಪ್ಪು ಅದೇ, ಅದಕ್ಕೆ ಕೊಡುವ ಅರ್ಥ ಮಾತ್ರ ಬೇರೆ.

ಆಟಗಾರನ ಶಕ್ತಿ ನಿಜವಾಗಿಯೂ ಕುಂದಿದೆಯೇ, ಇಲ್ಲವೇ? ಪ್ರೇಕ್ಷಕನಿಗೆ ಇದು ಹರಟೆಯ ವಿಷಯ. ತಂಡವನ್ನು ನಡೆಸುವವನಿಗೆ ನಿರ್ಣಯದ ವಿಷಯ. ಅವನು ಹೇಳುವ ಒಂದು ಮಾತಿನ ಮೇಲೆ ತಂಡದ ಸೋಲು ಗೆಲುವುಗಳೂ ಒಬ್ಬ ಮನುಷ್ಯನ ಮಾನ ಮತ್ತು ಜೀವನೋಪಾಯಗಳೂ ನಿಂತಿರುತ್ತವೆ. ಈ ನಿರ್ಣಯಕ್ಕೆ ಬರಲು ಎರಡು ದಾರಿಗಳಿವೆ. ಒಂದು, ಆಟವನ್ನು ಕಣ್ಣಾರೆ ನೋಡಿ ತಿಳಿಯುವುದು. ಇನ್ನೊಂದು, ಆಟವನ್ನು ಎಣಿಸಿ ತಿಳಿಯುವುದು. ಮೊದಲನೆಯದು ಆಟದಷ್ಟೇ ಹಳೆಯದು, ಎರಡನೆಯದು ಇತ್ತೀಚಿನದು. ಇವೆರಡರಲ್ಲಿ ಯಾವುದನ್ನು ನಂಬಬೇಕು?

ಅನುಭವಿಯ ಕಣ್ಣು ಸಾಮಾನ್ಯವಾದುದಲ್ಲ. ಹಲವು ವರ್ಷಗಳ ಕಾಲ ಆಡಿ, ಆಡಿಸಿ, ಪಳಗಿದ ತರಬೇತುದಾರನು ಆಟಗಾರನು ತಿರುಗುವ ರೀತಿಯಿಂದಲೇ ಅವನ ಮೊಣಕಾಲಿನ ನೋವನ್ನು ಗುರುತಿಸಬಲ್ಲನು. ಚೆಂಡು ಬರುವ ಮೊದಲೇ ಆಟಗಾರನು ಸುತ್ತ ನೋಡಿಕೊಂಡನೇ, ಜೊತೆಗಾರನಿಗೆ ಕೂಗಿ ಎಚ್ಚರಿಕೆ ಕೊಟ್ಟನೇ, ಸೋಲುವ ಹೊತ್ತಿನಲ್ಲಿ ಅವನ ಭುಜಗಳು ಕುಗ್ಗಿದವೇ ಎಂಬುದನ್ನೆಲ್ಲ ಕಣ್ಣು ಕಾಣುತ್ತದೆ. ಇವು ಎಣಿಕೆಗೆ ಸುಲಭವಾಗಿ ಸಿಕ್ಕುವ ಸಂಗತಿಗಳಲ್ಲ.

ಆದರೆ ಕಣ್ಣಿಗೂ ದೋಷಗಳುಂಟು. ಮೈದಾನದಲ್ಲಿ ಇಪ್ಪತ್ತೆರಡು ಜನರು ತೊಂಬತ್ತು ನಿಮಿಷಗಳ ಕಾಲ ಓಡಾಡುತ್ತಿರುತ್ತಾರೆ. ನೋಡುವವನ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಚೆಂಡಿಲ್ಲದ ಕಡೆ ನಡೆಯುವುದು ಅದಕ್ಕೆ ಕಾಣುವುದಿಲ್ಲ. ಕಂಡದ್ದೆಲ್ಲ ನೆನಪಿನಲ್ಲಿ ಉಳಿಯುವುದೂ ಇಲ್ಲ. ೧೯೮೬ರಲ್ಲಿ ಫ್ರಾಂಕ್ಸ್ ಮತ್ತು ಮಿಲ್ಲರ್ ಎಂಬ ಸಂಶೋಧಕರು ಕಾಲ್ಚೆಂಡಾಟವನ್ನು ನೋಡಿದವರ ನೆನಪನ್ನು ಪರೀಕ್ಷಿಸಿದರು. ಆಟದ ಮುಖ್ಯ ಘಟನೆಗಳಲ್ಲಿ ಅರ್ಧಕ್ಕಿಂತಲೂ ಕಡಿಮೆ ಭಾಗವನ್ನು ಮಾತ್ರ ಆ ಜನರು ಸರಿಯಾಗಿ ನೆನಪಿಟ್ಟಿದ್ದರು. ಅಷ್ಟೇ ಅಲ್ಲ, ಕಣ್ಣಿಗೆ ಪ್ರೀತಿ ದ್ವೇಷಗಳೂ ಉಂಟು. ಮೆಚ್ಚಿನ ಆಟಗಾರನ ತಪ್ಪನ್ನು ಅದು ಮನ್ನಿಸುತ್ತದೆ. ಮೆಚ್ಚದವನ ತಪ್ಪನ್ನು ದೊಡ್ಡದು ಮಾಡುತ್ತದೆ. ‘ಇವನಿಗೆ ವಯಸ್ಸಾಯಿತು’ ಎಂದು ಒಮ್ಮೆ ಮನಸ್ಸು ನಿಶ್ಚಯಿಸಿದರೆ, ಆಮೇಲೆ ಕಣ್ಣು ಅದಕ್ಕೆ ಬೇಕಾದ ಸಾಕ್ಷ್ಯವನ್ನೇ ಹುಡುಕತೊಡಗುತ್ತದೆ.

ಈ ದೋಷಗಳನ್ನು ನೀಗಲೆಂದೇ ಎಣಿಕೆ ಹುಟ್ಟಿತು. ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರ ವಿಭಾಗದ ಅಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ ಎಂಬವರು ೧೯೫೦ರ ಮಾರ್ಚ್ ೧೮ರಂದು ಸ್ವಿಂಡನ್ ಪಟ್ಟಣದ ತಂಡದ ಪಂದ್ಯವನ್ನು ನೋಡುತ್ತಿದ್ದರು. ತಂಡವು ಮತ್ತೆ ಮತ್ತೆ ದಾಳಿ ಮಾಡುತ್ತಿತ್ತು. ಫಲ ಮಾತ್ರ ದೊರೆಯುತ್ತಿರಲಿಲ್ಲ. ಅದನ್ನು ಕಂಡು ಬೇಸತ್ತ ರೀಪ್ ಪಂದ್ಯದ ಉತ್ತರಾರ್ಧದಲ್ಲಿ ಪೆನ್ಸಿಲು ಮತ್ತು ಪುಸ್ತಕವನ್ನು ಕೈಗೆತ್ತಿಕೊಂಡು ಪ್ರತಿಯೊಂದು ದಾಳಿಯನ್ನೂ ಗುರುತು ಮಾಡತೊಡಗಿದರು. ಅಂದು ತೊಡಗಿದ ಈ ಹವ್ಯಾಸವನ್ನು ಅವರು ಹಲವು ದಶಕಗಳವರೆಗೆ ಬಿಡಲಿಲ್ಲ. ತಾವು ಕೂಡಿಸಿದ ಲೆಕ್ಕಗಳನ್ನು ಆಧರಿಸಿ ೧೯೬೮ರಲ್ಲಿ ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞರೊಡನೆ ಒಂದು ವಿದ್ವತ್ಪೂರ್ಣ ಲೇಖನವನ್ನೂ ಪ್ರಕಟಿಸಿದರು.

ರೀಪ್ ಅವರ ಎಣಿಕೆಯಲ್ಲಿ ಒಂದು ಕುತೂಹಲದ ಅಂಶವಿತ್ತು. ನೂರು ಗೋಲುಗಳಲ್ಲಿ ಸುಮಾರು ಎಂಬತ್ತು ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳಿಂದ ಬಂದಿದ್ದವು. ಆದುದರಿಂದ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಕಾಲ ಕಳೆಯಬಾರದು, ಉದ್ದನೆಯ ಹೊಡೆತದಿಂದ ಅದನ್ನು ಬೇಗನೆ ಗೋಲಿನ ಹತ್ತಿರಕ್ಕೆ ಸಾಗಿಸಬೇಕು ಎಂದು ಅವರು ವಾದಿಸಿದರು. ಲೆಕ್ಕ ಸರಿಯಾಗಿತ್ತು, ತೀರ್ಮಾನ ಸರಿಯಾಗಿರಲಿಲ್ಲ. ಏಕೆಂದರೆ ಅವರದೇ ಲೆಕ್ಕದ ಪ್ರಕಾರ, ಆಟದಲ್ಲಿ ನಡೆಯುವ ನೂರು ಚಲನೆಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಚಲನೆಗಳು ಮೂರು ಪಾಸುಗಳೊಳಗೇ ಮುಗಿಯುತ್ತಿದ್ದವು. ಎಂದರೆ, ತೊಂಬತ್ತಕ್ಕೂ ಮೇಲ್ಪಟ್ಟ ಪಾಲಿನ ಚಲನೆಗಳು ಎಂಬತ್ತು ಗೋಲುಗಳನ್ನು ತಂದರೆ, ಹತ್ತಕ್ಕೂ ಕಡಿಮೆ ಪಾಲಿನ ದೀರ್ಘ ಚಲನೆಗಳು ಉಳಿದ ಇಪ್ಪತ್ತನ್ನು ತಂದಿದ್ದವು. ಪಾಲಿಗೆ ತಕ್ಕಂತೆ ಅಳೆದರೆ ದೀರ್ಘ ಚಲನೆಯೇ ಹೆಚ್ಚು ಫಲ ಕೊಟ್ಟಿತ್ತು. ಅಂಕಿ ಸುಳ್ಳು ಹೇಳಿರಲಿಲ್ಲ. ಅದನ್ನು ಕೇಳಿದ ಪ್ರಶ್ನೆ ಅರ್ಧವಾಗಿತ್ತು.

ಕಾಲ ಮುಂದುವರಿಯಿತು. ೧೯೯೬ರಲ್ಲಿ ಇಂಗ್ಲೆಂಡಿನಲ್ಲಿ ಆಪ್ಟಾ ಎಂಬ ಸಂಸ್ಥೆಯು ಲೀಗ್ ಪಂದ್ಯಗಳ ಅಂಕಿ-ಅಂಶಗಳನ್ನು ಕ್ರಮವಾಗಿ ಸಂಗ್ರಹಿಸಲಾರಂಭಿಸಿತು. ಬಳಿಕ ಕ್ಯಾಮೆರಾಗಳೂ ಗಣಕಯಂತ್ರಗಳೂ ನೆರವಿಗೆ ಬಂದುವು. ಒಬ್ಬ ಆಟಗಾರನು ಎಷ್ಟು ಕಿಲೋಮೀಟರ್ ಓಡಿದನು, ಎಷ್ಟು ಪಾಸುಗಳನ್ನು ಕೊಟ್ಟನು, ಎದುರಾಳಿಯ ಕಾಲಿನಿಂದ ಎಷ್ಟು ಬಾರಿ ಚೆಂಡನ್ನು ಕಸಿದನು ಎಂಬುದೆಲ್ಲ ಪಂದ್ಯ ಮುಗಿಯುವ ಹೊತ್ತಿಗೆ ಕಾಗದದ ಮೇಲೆ ಮೂಡತೊಡಗಿತು. ತರಬೇತುದಾರರ ಮೇಜಿನ ಮೇಲೆ ಹೊಸದೊಂದು ಸಾಕ್ಷ್ಯ ಬಂದು ಕುಳಿತಿತು. ಅದನ್ನು ಓದುವ ವಿದ್ಯೆ ಮಾತ್ರ ಅಷ್ಟೇ ಬೇಗನೆ ಬರಲಿಲ್ಲ. ಇದಕ್ಕೆ ಯಾಪ್ ಸ್ಟಾಮ್ ಅವರ ಕಥೆ ಒಳ್ಳೆಯ ನಿದರ್ಶನ.

ಸ್ಟಾಮ್ ಹುಟ್ಟಿದ್ದು ೧೯೭೨ರಲ್ಲಿ, ನೆದರ್‌ಲೆಂಡ್ಸಿನ ಕಾಂಪೆನ್ ಎಂಬ ಊರಿನಲ್ಲಿ. ಎತ್ತರವಾದ ದೃಢಕಾಯ, ಬೋಳಿಸಿದ ತಲೆ, ನಗೆಯಿಲ್ಲದ ಮುಖ. ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವುದು ಅವರ ಕೆಲಸ. ೧೯೯೮ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಒಂದು ಕೋಟಿ ಪೌಂಡಿಗೂ ಹೆಚ್ಚು ಹಣ ಕೊಟ್ಟು ಅವರನ್ನು ಕರೆತಂದಿತು. ರಕ್ಷಣೆಯ ಆಟಗಾರನೊಬ್ಬನಿಗೆ ಅಷ್ಟು ಹಣವೇ ಎಂದು ಜನರು ಬೆರಗಾದರು. ಆದರೆ ಮೊದಲನೆಯ ವರ್ಷದಲ್ಲಿಯೇ ತಂಡವು ಇಂಗ್ಲಿಷ್ ಲೀಗ್, ಎಫ್.ಎ. ಕಪ್ ಮತ್ತು ಯೂರೋಪಿನ ಚಾಂಪಿಯನ್ಸ್ ಲೀಗ್ ಈ ಮೂರನ್ನೂ ಗೆದ್ದುಕೊಂಡಿತು. ಮುಂದಿನ ಎರಡು ವರ್ಷಗಳಲ್ಲಿಯೂ ಲೀಗ್ ಪ್ರಶಸ್ತಿ ಅವರದೇ ಆಯಿತು. ಆ ಕಾಲದ ಅತ್ಯುತ್ತಮ ರಕ್ಷಣಾ ಆಟಗಾರರಲ್ಲಿ ಸ್ಟಾಮ್ ಅವರನ್ನು ಎಣಿಸುತ್ತಿದ್ದರು.

೨೦೦೦ದ ಶರತ್ಕಾಲದಲ್ಲಿ ಸ್ಟಾಮ್ ಅವರ ಹಿಮ್ಮಡಿಯ ನರಕ್ಕೆ ಪೆಟ್ಟಾಯಿತು. ಹಲವು ತಿಂಗಳು ಅವರು ಆಡಲಿಲ್ಲ. ಗುಣಹೊಂದಿ ಮರಳಿದ ಮೇಲೆ ಅವರ ಆಟವನ್ನು ತಂಡದ ಮ್ಯಾನೇಜರ್ ಸರ್ ಅಲೆಕ್ಸ್ ಫರ್ಗುಸನ್ ಸೂಕ್ಷ್ಮವಾಗಿ ಗಮನಿಸುತ್ತಿದ್ದರು. ಫರ್ಗುಸನ್ ಸಾಮಾನ್ಯರಲ್ಲ, ೧೯೮೬ರಿಂದ ೨೦೧೩ರವರೆಗೆ ಅದೇ ತಂಡವನ್ನು ನಡೆಸಿ, ಆ ಆಟದ ಇತಿಹಾಸದಲ್ಲಿ ಮೇಲಿನ ಸ್ಥಾನವನ್ನು ಪಡೆದವರು. ಸ್ಟಾಮ್ ಹಿಂದಿಗಿಂತ ಕಡಿಮೆ ಬಾರಿ ಚೆಂಡನ್ನು ಕಸಿಯುತ್ತಿದ್ದಾರೆ, ಎಂದರೆ ಅವರ ‘ಟ್ಯಾಕಲ್’ಗಳ ಸಂಖ್ಯೆ ಇಳಿದಿದೆ ಎಂದು ಅಂಕಿಗಳು ತೋರಿಸಿದವೆಂದೂ, ಆಟಗಾರನ ಇಳಿಗಾಲ ತೊಡಗಿದೆಯೆಂದು ಮ್ಯಾನೇಜರ್ ಅದರಿಂದ ಊಹಿಸಿದರೆಂದೂ ಆಮೇಲೆ ವ್ಯಾಪಕವಾಗಿ ಹೇಳಲಾಯಿತು. ಅದೇ ಹೊತ್ತಿಗೆ ಇಟಲಿಯ ಲಾಟ್ಸಿಯೊ ತಂಡವು ಸುಮಾರು ಒಂದು ಕೋಟಿ ಅರವತ್ತು ಲಕ್ಷ ಪೌಂಡು ಕೊಡಲು ಮುಂದೆ ಬಂದಿತು. ಸ್ಟಾಮ್ ಅವರಿಗಾಗ ಇಪ್ಪತ್ತೊಂಬತ್ತು ವರ್ಷ. ೨೦೦೧ರ ಆಗಸ್ಟ್ ತಿಂಗಳಲ್ಲಿ ಅವರನ್ನು ಮಾರಲಾಯಿತು. ಈ ಸುದ್ದಿಯನ್ನು ಮ್ಯಾನೇಜರ್ ತಮಗೆ ತಿಳಿಸಿದ್ದು ಒಂದು ಪೆಟ್ರೋಲ್ ಬಂಕಿನ ಬಳಿ, ಕಾರಿನಲ್ಲಿ ಕುಳಿತು ಎಂದು ಸ್ಟಾಮ್ ಮುಂದೆ ಹೇಳಿಕೊಂಡರು. ಅದೇ ತಿಂಗಳು ಪ್ರಕಟವಾದ ಅವರ ಆತ್ಮಕಥೆಯಲ್ಲಿದ್ದ ಕೆಲವು ಮಾತುಗಳೇ ಈ ಮಾರಾಟಕ್ಕೆ ಕಾರಣವೆಂದು ಪತ್ರಿಕೆಗಳು ಬರೆದವು; ಫರ್ಗುಸನ್ ಅದನ್ನು ಒಪ್ಪಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ಇದು ಲಾಭದ ವ್ಯಾಪಾರ. ಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಗೆ, ಇಳಿಗಾಲದ ಹೊಸ್ತಿಲಲ್ಲಿ ಇದ್ದಾನೆಂದು ತೋರಿದ ಆಟಗಾರನನ್ನು ಮಾರಿದ್ದಾಗಿತ್ತು. ಆದರೆ ಇಳಿಗಾಲ ಬರಲಿಲ್ಲ. ಸ್ಟಾಮ್ ಲಾಟ್ಸಿಯೊ ತಂಡದಲ್ಲಿ ಮೂರು ವರ್ಷ ಆಡಿದರು. ೨೦೦೪ರಲ್ಲಿ ಆ ತಂಡವು ಇಟಲಿಯ ಕಪ್ಪನ್ನು ಗೆದ್ದಿತು. ಅಲ್ಲಿಂದ ಅವರು ಎ.ಸಿ. ಮಿಲಾನ್ ತಂಡವನ್ನು ಸೇರಿದರು. ರಕ್ಷಣೆಯ ಆಟಕ್ಕೆ ಇಟಲಿಯು ಹೆಸರಾದ ದೇಶ. ಅಲ್ಲಿ ಮಿಲಾನ್ ತಂಡದ ರಕ್ಷಣೆ ಇನ್ನೂ ಹೆಸರಾದದ್ದು. ಅಂಥ ತಂಡದಲ್ಲಿ ಸ್ಥಾನ ಪಡೆದು, ೨೦೦೫ರ ಮೇ ೨೫ರಂದು ಇಸ್ತಾಂಬುಲ್ ನಗರದಲ್ಲಿ ನಡೆದ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯದಲ್ಲಿ ಅವರು ಆಡಿದರು. ಅಂದು ಅವರಿಗೆ ಮೂವತ್ತೆರಡು ವರ್ಷ. ಕೊನೆಗೆ ತಮ್ಮ ದೇಶಕ್ಕೆ ಮರಳಿ, ಅಯಾಕ್ಸ್ ತಂಡವನ್ನು ಸೇರಿ, ೨೦೦೭ರಲ್ಲಿ ನಿವೃತ್ತರಾದರು. ಇಳಿಗಾಲ ತೊಡಗಿತೆಂದು ಬಗೆದ ಮೇಲೆ ಅವರು ಆರು ವರ್ಷಗಳ ಕಾಲ ಆಡಿದ್ದರು.

ಇತ್ತ ಮ್ಯಾಂಚೆಸ್ಟರ್ ತಂಡವು ಸ್ಟಾಮ್ ಅವರ ಸ್ಥಾನಕ್ಕೆ ಮೂವತ್ತೈದು ವರ್ಷದ ಲೋರಾಂ ಬ್ಲಾಂ ಎಂಬ ಫ್ರಾನ್ಸಿನ ಆಟಗಾರರನ್ನು ತಂದಿತು. ಹಿಂದಿನ ವರ್ಷ ಮೂವತ್ತೆಂಟು ಲೀಗ್ ಪಂದ್ಯಗಳಲ್ಲಿ ೩೧ ಗೋಲುಗಳನ್ನು ಬಿಟ್ಟುಕೊಟ್ಟಿದ್ದ ತಂಡವು ೨೦೦೧–೦೨ರಲ್ಲಿ ೪೫ ಗೋಲುಗಳನ್ನು ಬಿಟ್ಟುಕೊಟ್ಟು ಮೂರನೆಯ ಸ್ಥಾನಕ್ಕೆ ಇಳಿಯಿತು. ಈ ಅಂಕಿಯನ್ನೂ ಎಚ್ಚರಿಕೆಯಿಂದಲೇ ಓದಬೇಕು. ಹಿಂದಿನ ವರ್ಷ ಗಾಯದ ಕಾರಣದಿಂದ ಸ್ಟಾಮ್ ಆಡಿದ ಲೀಗ್ ಪಂದ್ಯಗಳು ಹದಿನೈದು ಮಾತ್ರ. ಹೆಚ್ಚಿದ ಹದಿನಾಲ್ಕು ಗೋಲುಗಳ ಹೊಣೆಯನ್ನೆಲ್ಲ ಒಬ್ಬನ ಗೈರುಹಾಜರಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಮಾರಾಟವು ತಪ್ಪಾಗಿತ್ತೆಂಬುದನ್ನು ಫರ್ಗುಸನ್ ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ತಪ್ಪು ಎಲ್ಲಿ ನಡೆಯಿತು? ಟ್ಯಾಕಲ್‌ಗಳ ಎಣಿಕೆ ಏನನ್ನು ಅಳೆಯುತ್ತದೆ ಎಂಬುದನ್ನು ಯೋಚಿಸಿದರೆ ಉತ್ತರ ದೊರೆಯುತ್ತದೆ. ಎದುರಾಳಿಯು ಚೆಂಡನ್ನು ತೆಗೆದುಕೊಂಡು ಹತ್ತಿರ ಬಂದಾಗ ಮಾತ್ರ ರಕ್ಷಣೆಯವನು ಅದನ್ನು ಕಸಿಯಬೇಕಾಗುತ್ತದೆ. ಆದರೆ ಅವನು ಮೊದಲೇ ಸರಿಯಾದ ಜಾಗದಲ್ಲಿ ನಿಂತಿದ್ದರೆ ಚೆಂಡು ಆ ಕಡೆಗೆ ಬರುವುದೇ ಇಲ್ಲ. ಬಂದರೂ ಮಧ್ಯದಲ್ಲಿಯೇ ತಡೆಹಿಡಿಯಲ್ಪಡುತ್ತದೆ. ಅವನನ್ನು ಕಂಡು ಎದುರಾಳಿಯು ದಾರಿಯನ್ನೇ ಬದಲಿಸಬಹುದು. ಇವಾವುವೂ ಟ್ಯಾಕಲ್‌ಗಳ ಪಟ್ಟಿಗೆ ಸೇರುವುದಿಲ್ಲ. ಕಿರಿಯ ಆಟಗಾರನು ತಪ್ಪಿದ ಜಾಗದಿಂದ ಓಡಿ ಬಂದು, ನೆಲಕ್ಕೆ ಬಿದ್ದು ಚೆಂಡನ್ನು ಕಸಿದರೆ ಜನರು ಚಪ್ಪಾಳೆ ತಟ್ಟುತ್ತಾರೆ, ಲೆಕ್ಕ ಬರೆಯುವವನು ಒಂದು ಗೆರೆ ಎಳೆಯುತ್ತಾನೆ. ಪಳಗಿದ ಆಟಗಾರನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅದೇ ಅಪಾಯವನ್ನು ಹುಟ್ಟುವ ಮೊದಲೇ ನಿವಾರಿಸಿದರೆ ಚಪ್ಪಾಳೆಯೂ ಇಲ್ಲ, ಗೆರೆಯೂ ಇಲ್ಲ. ಬೆಂಕಿ ಆರಿಸಿದವನಿಗೆ ಲೆಕ್ಕವುಂಟು; ಬೆಂಕಿ ಹತ್ತದಂತೆ ನೋಡಿಕೊಂಡವನಿಗೆ ಲೆಕ್ಕವಿಲ್ಲ. ಆದಕಾರಣ ಟ್ಯಾಕಲ್‌ಗಳು ಕಡಿಮೆಯಾಗುವುದು ಶಕ್ತಿ ಕುಂದಿದುದರ ಗುರುತಾಗಿರಬಹುದು. ಬುದ್ಧಿ ಮಾಗಿದುದರ ಗುರುತೂ ಆಗಿರಬಹುದು. ಎರಡರಲ್ಲಿ ಯಾವುದು ಎಂದು ಆ ಸಂಖ್ಯೆಯೊಂದೇ ಹೇಳಲಾರದು.

ಇಲ್ಲಿಗೆ ನಿಂತು, ‘ಅಂಕಿ ಮೋಸಮಾಡಿತು, ಕಣ್ಣನ್ನೇ ನಂಬಬೇಕಾಗಿತ್ತು’ ಎನ್ನುವುದು ಸುಲಭ. ಆದರೆ ಕಥೆ ಅಷ್ಟು ಸರಳವಾಗಿಲ್ಲ. ಗಾಯದಿಂದ ಚೇತರಿಸಿಕೊಂಡ ಸ್ಟಾಮ್ ಅವರ ಓಟದ ವೇಗ ತುಸು ತಗ್ಗಿದಂತೆ ತಮಗೆ ಕಂಡಿತ್ತೆಂದು ಫರ್ಗುಸನ್ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಎಂದರೆ ಜಗತ್ತಿನಲ್ಲಿಯೇ ಹೆಚ್ಚು ಪಳಗಿದ ಕಣ್ಣುಗಳಲ್ಲಿ ಒಂದು ಅದೇ ತಪ್ಪನ್ನು ಮಾಡಿತ್ತು. ಅಂಕಿಯೂ ಕಣ್ಣೂ ಒಂದನ್ನೊಂದು ಪ್ರಶ್ನಿಸುವ ಬದಲು ಒಂದಕ್ಕೊಂದು ತಲೆದೂಗಿದವು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆಂದು ನ್ಯಾಯಾಧೀಶನು ಪಾಟೀಸವಾಲನ್ನು ಕೈಬಿಟ್ಟಂತಾಯಿತು.

ಮತ್ತೊಂದು ನಿದರ್ಶನವು ಇನ್ನೂ ಸಮೀಪದ ಕಾಲದ್ದು. ಅರ್ಜೆಂಟೀನಾ ದೇಶದ ಲಿಯೊನೆಲ್ ಮೆಸ್ಸಿ ಅವರು ೨೦೨೦–೨೧ರಲ್ಲಿ ಸ್ಪೇನಿನ ಬಾರ್ಸಿಲೋನಾ ತಂಡದ ಪರವಾಗಿ ೩೫ ಲೀಗ್ ಪಂದ್ಯಗಳಲ್ಲಿ ೩೦ ಗೋಲುಗಳನ್ನು ಹೊಡೆದರು. ಮರುವರ್ಷ ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡವನ್ನು ಸೇರಿ, ೨೬ ಲೀಗ್ ಪಂದ್ಯಗಳಲ್ಲಿ ಕೇವಲ ೬ ಗೋಲುಗಳನ್ನು ಹೊಡೆದರು. ಅವರಿಗೆ ಮೂವತ್ತೈದು ತುಂಬುತ್ತಿತ್ತು. ಮೂವತ್ತರಿಂದ ಆರಕ್ಕೆ ಇಳಿದ ಮೇಲೆ ಇನ್ನೇನು ಉಳಿಯಿತು? ಪ್ಯಾರಿಸ್ಸಿನ ಪ್ರೇಕ್ಷಕರೇ ಅವರನ್ನು ಅಣಕಿಸಿ ಕೂಗಿದರು. ೨೦೨೨ರ ಬ್ಯಾಲನ್ ಡಿ’ಓರ್ ಪ್ರಶಸ್ತಿಗಾಗಿ ಆರಿಸಿದ ಮೂವತ್ತು ಆಟಗಾರರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಅದೇ ವರ್ಷದ ಡಿಸೆಂಬರ್ ೧೮ರಂದು ಕತಾರ್ ದೇಶದಲ್ಲಿ ಅರ್ಜೆಂಟೀನಾ ವಿಶ್ವಕಪ್ಪನ್ನು ಗೆದ್ದಿತು. ಮೆಸ್ಸಿ ಆ ಪಂದ್ಯಾವಳಿಯಲ್ಲಿ ೭ ಗೋಲುಗಳನ್ನು ಹೊಡೆದು, ಶ್ರೇಷ್ಠ ಆಟಗಾರನೆಂಬ ಗೌರವವನ್ನು ಪಡೆದರು. ಹಾಗಾದರೆ ಆರು ಗೋಲುಗಳ ಲೆಕ್ಕ ಸುಳ್ಳೇ? ಅಲ್ಲ. ಆದರೆ ಅದರ ಪಕ್ಕದಲ್ಲಿ ಓದಬೇಕಾದ ಇತರ ಸಂಗತಿಗಳಿದ್ದವು. ಆ ವರ್ಷ ಅವರು ತಂಡವನ್ನೂ ದೇಶವನ್ನೂ ಬದಲಿಸಿದ್ದರು. ಜನವರಿಯಲ್ಲಿ ಕೋವಿಡ್ ಸೋಂಕು ತಗುಲಿತ್ತು. ಅವರ ಹಲವು ಹೊಡೆತಗಳು ಗೋಲುಕಂಬಕ್ಕೆ ಬಡಿದು ಹಿಂದಿರುಗಿದ್ದವು. ಅವರ ಪಾಸಿನಿಂದ ಜೊತೆಗಾರರು ಹೊಡೆದ ಗೋಲುಗಳು ಹದಿನಾಲ್ಕು. ಗೋಲು ಎಂಬುದು ವಿರಳವಾದ ಘಟನೆ. ಕೆಲವು ಅಂಗುಲಗಳ ವ್ಯತ್ಯಾಸದಿಂದ ಅದು ಆಗುತ್ತದೆ ಅಥವಾ ತಪ್ಪುತ್ತದೆ. ಒಂದೇ ವರ್ಷದ ಗೋಲುಗಳ ಎಣಿಕೆಯಲ್ಲಿ ಸಾಮರ್ಥ್ಯದೊಡನೆ ಅದೃಷ್ಟವೂ ಬೆರೆತಿರುತ್ತದೆ. ಮರುವರ್ಷ ಅದೇ ಲೀಗಿನಲ್ಲಿ ಅವರು ೧೬ ಗೋಲುಗಳನ್ನು ಹೊಡೆದರು.

ಇಷ್ಟರಿಂದ ಅಂಕಿ ನಿರರ್ಥಕವೆಂದು ತಿಳಿಯಬಾರದು. ಆಟಗಾರನ ಶಕ್ತಿ ಒಂದಲ್ಲ ಒಂದು ದಿನ ನಿಜವಾಗಿಯೂ ಕುಂದುತ್ತದೆ. ಆಗ ಅಭಿಮಾನದಿಂದ ತುಂಬಿದ ಕಣ್ಣು ಅದನ್ನು ಕಾಣಲೊಲ್ಲದು. ಹಳೆಯ ಗೋಲುಗಳ ನೆನಪು ಇಂದಿನ ನಿಧಾನವನ್ನು ಮರೆಮಾಡುತ್ತದೆ. ಅಂಥ ಹೊತ್ತಿನಲ್ಲಿ, ವೇಗದ ಓಟಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ ಎಂಬ ನಿರ್ದಾಕ್ಷಿಣ್ಯವಾದ ಲೆಕ್ಕವೇ ಸತ್ಯವನ್ನು ಹೇಳುತ್ತದೆ. ಅಂಕಿಗೆ ಸ್ನೇಹವೂ ಇಲ್ಲ, ಹಗೆಯೂ ಇಲ್ಲ. ಎಲ್ಲರಿಂದ ಕಡೆಗಣಿಸಲ್ಪಟ್ಟ ಆಟಗಾರನ ಗುಣವನ್ನು ಬೆಳಕಿಗೆ ತಂದ ಕೀರ್ತಿಯೂ ಅದಕ್ಕುಂಟು.

ಆದುದರಿಂದ ವಿವೇಕಿಯಾದವನು ಎರಡನ್ನೂ ಬಿಡದೆ, ಎರಡನ್ನೂ ಪ್ರಶ್ನಿಸುತ್ತಾನೆ. ಅಂಕಿಯನ್ನು ಕಂಡಾಗ ಅವನು ಕೇಳುತ್ತಾನೆ: ಇದು ಎಷ್ಟು ಕಾಲದ ಲೆಕ್ಕ? ಒಂದು ವರ್ಷದ್ದೋ, ಹಲವು ವರ್ಷಗಳದ್ದೋ? ಆಟಗಾರನು ಮೈದಾನದಲ್ಲಿದ್ದ ಸಮಯಕ್ಕೆ ತಕ್ಕಂತೆ ಎಣಿಸಿದ್ದಾರೆಯೇ? ಅವನು ನಿಲ್ಲುವ ಜಾಗ, ಜೊತೆಗಾರರು, ದೇಹಸ್ಥಿತಿ ಇವುಗಳಲ್ಲಿ ಬದಲಾದುದೇನು? ಎಲ್ಲಕ್ಕಿಂತ ಮಿಗಿಲಾಗಿ, ಈ ಪಟ್ಟಿಗೆ ಸೇರದೆ ಉಳಿದದ್ದು ಯಾವುದು? ಕಣ್ಣನ್ನೂ ಅವನು ಕೇಳುತ್ತಾನೆ: ನೀನು ಎಷ್ಟು ಪಂದ್ಯಗಳನ್ನು ನೋಡಿದೆ? ಕಂಡದ್ದನ್ನು ಹೇಳುತ್ತಿರುವೆಯೋ, ಮೊದಲೇ ನಂಬಿದ್ದನ್ನು ಹೇಳುತ್ತಿರುವೆಯೋ? ಕಣ್ಣು ಸಂಶಯಪಟ್ಟಲ್ಲಿ ಎಣಿಸಬೇಕು. ಎಣಿಕೆ ಬೆರಗುಗೊಳಿಸಿದಲ್ಲಿ ಮತ್ತೆ ನೋಡಬೇಕು. ಎರಡೂ ಒಂದೇ ಮಾತು ಹೇಳಿದಾಗ ಇನ್ನೊಮ್ಮೆ ಕೇಳಬೇಕು.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಂಡದ್ದನ್ನು ಪ್ರಮಾಣಿಸುವುದು ಹೇಗೋ ಹಾಗೆ, ಪ್ರಮಾಣವೆಂದು ಕೈಗೆ ಬಂದ ಅಂಕಿಯನ್ನು ಕಣ್ಣಿಟ್ಟು ನೋಡುವುದೂ ಅಗತ್ಯ. ಆಟದ ಮೈದಾನಕ್ಕಷ್ಟೇ ಈ ಮಾತು ಅನ್ವಯಿಸುವುದಿಲ್ಲ. ಅಂಕಪಟ್ಟಿಯನ್ನು ನೋಡಿ ವಿದ್ಯಾರ್ಥಿಯನ್ನೂ, ಇಳುವರಿಯನ್ನು ನೋಡಿ ರೈತನನ್ನೂ ಅಳೆಯುವವರು ನಮ್ಮ ಸುತ್ತಲೂ ಇದ್ದಾರೆ. ಅಳೆಯುವುದು ತಪ್ಪಲ್ಲ. ಆದರೆ ಅಳತೆಗೋಲಿನ ಆಚೆಗೆ ಒಬ್ಬ ಮನುಷ್ಯನು ನಿಂತಿದ್ದಾನೆಂಬುದನ್ನು ಮರೆಯಬಾರದು. ಇಳಿಗಾಲ ತೊಡಗಿತೆಂದು ಕಳುಹಿಸಿಕೊಟ್ಟ ಆಟಗಾರನು ನಾಲ್ಕು ವರ್ಷಗಳ ಬಳಿಕ ಯೂರೋಪಿನ ಅತಿ ದೊಡ್ಡ ಪಂದ್ಯದಲ್ಲಿ ಗೋಲಿನ ಮುಂದೆ ದೃಢವಾಗಿ ನಿಂತಿದ್ದನೆಂಬುದು ಈ ಎಚ್ಚರವನ್ನು ಕಲಿಸುತ್ತದೆ.

ಅಭ್ಯಾಸ

೧. ಅನುಭವಿಯ ಕಣ್ಣಿಗೆ ಕಾಣುವ, ಎಣಿಕೆಗೆ ಸುಲಭವಾಗಿ ಸಿಕ್ಕದ ಸಂಗತಿಗಳು ಯಾವುವು?
೨. ಚಾರ್ಲ್ಸ್ ರೀಪ್ ಅವರ ಲೆಕ್ಕ ಸರಿಯಾಗಿದ್ದರೂ ತೀರ್ಮಾನ ತಪ್ಪಾದುದು ಹೇಗೆ?
೩. ‘ಬೆಂಕಿ ಆರಿಸಿದವನಿಗೆ ಲೆಕ್ಕವುಂಟು, ಬೆಂಕಿ ಹತ್ತದಂತೆ ನೋಡಿಕೊಂಡವನಿಗೆ ಲೆಕ್ಕವಿಲ್ಲ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
೪. ಸ್ಟಾಮ್ ಅವರ ವಿಷಯದಲ್ಲಿ ಅಂಕಿಯಂತೆಯೇ ಕಣ್ಣೂ ತಪ್ಪಿತೆಂದು ಹೇಗೆ ಹೇಳಬಹುದು?
೫. ನಿಮ್ಮ ಶಾಲೆಯ ಒಂದು ಆಟದ ಪಂದ್ಯವನ್ನು ನೋಡಿ, ಒಬ್ಬ ಆಟಗಾರನ ಆಟವನ್ನು ಮೊದಲು ಎಣಿಕೆಯಿಂದಲೂ ಆಮೇಲೆ ನೀವು ಕಂಡಂತೆಯೂ ಬರೆದು, ಎರಡನ್ನೂ ಹೋಲಿಸಿರಿ.